ತೋರಿಸಬೇಕಾದವರು ಯಾರು?

"ಇಲ್ಲ ಅನ್ನೋದಾದರೆ ಇಲ್ಲ ಅಂತ ನೀನೇ ತೋರಿಸು ನೋಡೋಣ." ದೇವರು, ದೆವ್ವ, ಜಾತಕ, ಶಕುನ, ಮಡಿ, ಹೀಗೆ ಯಾವುದರ ಬಗ್ಗೆ ಮಾತು ಶುರುವಾದರೂ ನಮ್ಮ ಮನೆಗಳಲ್ಲಿ ಅದು ಕೊನೆಗೆ ಬಂದು ನಿಲ್ಲುವುದು ಈ ವಾಕ್ಯದ ಹತ್ತಿರವೇ. ಇದನ್ನು ಹೇಳಿದವರು ಗೆದ್ದರೆಂದೇ ಲೆಕ್ಕ. ಕೇಳಿಸಿಕೊಂಡವರ ಬಳಿ ಉತ್ತರ ಇರುವುದಿಲ್ಲ. ಇಲ್ಲದ್ದನ್ನು ಯಾರು ಎಲ್ಲಿಂದ ತಂದು ತೋರಿಸುವುದು? ಗಂಡಸರು ಜಗುಲಿಯ ಮೇಲೆ ಕುಳಿತು ಈ ವಾದ ಮಾಡಿದರೆ ಅದು ಹೊತ್ತು ಕಳೆಯುವ ಮಾತು. ಊಟಕ್ಕೆ ಕರೆದ ಕೂಡಲೇ ಮುಗಿದುಹೋಗುತ್ತದೆ. ಅದೇ ಮಾತು ಒಳಮನೆಗೆ ಬಂದಾಗ ಮಾತ್ರ ಏನಾದರೊಂದು ತೀರ್ಮಾನವಾಗಿಬಿಡುತ್ತದೆ. ಯಾರು ಉಪವಾಸ ಇರಬೇಕು, ಯಾರು ಹೊರಗೆ ಕೂರಬೇಕು, ಯಾರ ಮದುವೆ ನಿಲ್ಲಬೇಕು ಎಂಬ ತೀರ್ಮಾನ.

ದೇವರಿದ್ದಾನೆಯೇ ಇಲ್ಲವೇ ಎಂದು ನಿರ್ಧರಿಸಲು ನಾನು ಇಲ್ಲಿ ಹೊರಟಿಲ್ಲ. ಅಷ್ಟು ಓದಿದವಳೂ ನಾನಲ್ಲ. ನನ್ನನ್ನು ಬಹಳ ಕಾಲದಿಂದ ಕಾಡಿದ್ದು ಅದಕ್ಕಿಂತ ಚಿಕ್ಕದಾದ, ಆದರೆ ನಮಗೆ ಹೆಚ್ಚು ಹತ್ತಿರದ ಪ್ರಶ್ನೆ. ಒಂದು ನಂಬಿಕೆಯ ಬಗ್ಗೆ ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದಾಗ ತೋರಿಸುವ ಹೊಣೆ ಯಾರದು? ಇದೆ ಎನ್ನುವವರದೋ, ಇಲ್ಲ ಎನ್ನುವವರದೋ?

ನಾನು 32 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ರೇಖಾಗಣಿತದಲ್ಲಿ ಪ್ರತಿಯೊಂದು ಪ್ರಮೇಯದ ಕೆಳಗೂ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆಯುವ ಕ್ರಮವನ್ನು ನೀವೂ ಕಲಿತಿದ್ದೀರಿ. ಅಲ್ಲಿ ಸಾಧನೀಯ ಬರೆದವರೇ ಸಾಧನೆಯನ್ನೂ ಬರೆಯಬೇಕು. "ಈ ಎರಡು ಕೋನ ಸಮ ಅಲ್ಲ ಅಂತ ಮೇಡಮ್ಮೇ ತೋರಿಸಲಿ" ಎಂದು ಯಾವ ಹುಡುಗನಾದರೂ ಉತ್ತರಪತ್ರಿಕೆಯಲ್ಲಿ ಬರೆದರೆ ಅವನಿಗೆ ಸೊನ್ನೆಯೇ ಗತಿ. ಕೋರ್ಟಿನಲ್ಲೂ ಹೀಗೆಯೇ. 1872ರ ಸಾಕ್ಷ್ಯ ಕಾಯಿದೆಯ 101ನೆಯ ಕಲಮು ಹೇಳುತ್ತಿದ್ದದ್ದು ಇಷ್ಟೇ: ಒಂದು ಸಂಗತಿ ಇದೆ ಎಂದು ಹೇಳಿ ಅದರ ಮೇಲೆ ತೀರ್ಪು ಬೇಕೆಂದು ಕೇಳುವವನು ಅದನ್ನು ರುಜುವಾತು ಮಾಡಬೇಕು. 2024ರ ಜುಲೈ 1ರಿಂದ ಆ ಹಳೆಯ ಕಾಯಿದೆಯ ಜಾಗಕ್ಕೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಈ ಮಾತು ಅಲ್ಲಿ 104ನೆಯ ಕಲಮಾಗಿ ಉಳಿದುಕೊಂಡಿದೆ. ನೆರೆಯವನು ನಮ್ಮ ಹಿತ್ತಿಲು ತನ್ನದೆಂದು ದಾವೆ ಹಾಕಿದರೆ, ಅದು ಅವನದೆಂದು ಮೊದಲು ಅವನೇ ಕಾಗದ ತರಬೇಕು. ಅವನದಲ್ಲ ಎಂದು ನಾವು ಊರೆಲ್ಲ ಅಲೆದು ಸಾಕ್ಷಿ ಹುಡುಕಬೇಕಾಗಿಲ್ಲ.

'ಇಲ್ಲ' ಎನ್ನುವುದನ್ನು ತೋರಿಸಲು ಸಾಧ್ಯವೇ ಇಲ್ಲ ಎಂದು ಹೇಳುವವರೂ ಇದ್ದಾರೆ. ಅದು ಪೂರ್ತಿ ಸರಿಯಲ್ಲ. ಡಬ್ಬಿಯಲ್ಲಿ ಸಕ್ಕರೆ ಇಲ್ಲವೆಂದರೆ ಮುಚ್ಚಳ ತೆಗೆದು ತೋರಿಸಿದರಾಯಿತು. ಆದರೆ ಡಬ್ಬಿಯಲ್ಲಿ ಕಣ್ಣಿಗೆ ಕಾಣದ, ನಾಲಿಗೆಗೆ ಹತ್ತದ, ತೂಕಕ್ಕೆ ಸಿಗದ ಸಕ್ಕರೆ ಇದೆ ಎಂದು ಯಾರಾದರೂ ಹೇಳಿದರೆ? ಆಗ ಮುಚ್ಚಳ ತೆಗೆದೂ ಪ್ರಯೋಜನವಿಲ್ಲ. ಇಂಗ್ಲೆಂಡಿನ ಬರ್ಟ್ರಂಡ್ ರಸೆಲ್ 1952ರಲ್ಲಿ ಒಂದು ಪತ್ರಿಕೆಯ ಕೋರಿಕೆಯ ಮೇಲೆ ದೇವರ ಬಗ್ಗೆ ಲೇಖನ ಬರೆದ. ಪತ್ರಿಕೆ ಅದನ್ನು ಪ್ರಕಟಿಸಲಿಲ್ಲ. ಅದರಲ್ಲಿ ಆತ ಒಂದು ಟೀ ಕುಡಿಕೆಯ ಉದಾಹರಣೆ ಕೊಟ್ಟಿದ್ದಾನೆ. ಭೂಮಿಗೂ ಮಂಗಳ ಗ್ರಹಕ್ಕೂ ನಡುವೆ ಒಂದು ಪಿಂಗಾಣಿಯ ಟೀ ಕುಡಿಕೆ ಸೂರ್ಯನನ್ನು ಸುತ್ತುತ್ತಿದೆ, ಅದು ಯಾವ ದೂರದರ್ಶಕಕ್ಕೂ ಕಾಣದಷ್ಟು ಚಿಕ್ಕದು ಎಂದು ನಾನು ಹೇಳಿದರೆ ಯಾರೂ ಅಲ್ಲಗಳೆಯಲಾರರು. ಅಲ್ಲಗಳೆಯಲಾಗದು ಎಂಬ ಮಾತ್ರಕ್ಕೆ ಅದನ್ನು ನಂಬಲೇಬೇಕೆಂದು ನಾನು ಹಟ ಹಿಡಿಯುವಂತಿಲ್ಲ. ಆದರೆ ಅದೇ ಸಂಗತಿ ಹಳೆಯ ಗ್ರಂಥಗಳಲ್ಲಿ ಬರೆದಿದ್ದರೆ, ಮಕ್ಕಳಿಗೆ ವಾರವಾರ ಹೇಳಿಕೊಟ್ಟಿದ್ದರೆ, ಆಗ ಸಂಶಯ ಪಟ್ಟವನನ್ನೇ ಜನ ತಲೆ ಕೆಟ್ಟವನೆಂದು ಕರೆಯುತ್ತಿದ್ದರು ಎಂದು ಆತ ಸೇರಿಸಿದ್ದಾನೆ. ಈ ಕೊನೆಯ ಮಾತೇ ನನಗೆ ಮುಖ್ಯವಾಗಿ ಕಂಡದ್ದು. ತೋರಿಸುವ ಹೊಣೆ ತರ್ಕದ ಪ್ರಕಾರ ಹೇಳುವವರ ಮೇಲಿದ್ದರೂ ಲೋಕರೂಢಿಯಲ್ಲಿ ಅದು ಒಂಟಿಯಾಗಿ ನಿಂತವರ ತಲೆಗೆ ಬೀಳುತ್ತದೆ.

ಇದೆಲ್ಲ ಪರದೇಶದವರ ವಾದ, ನಮ್ಮ ಹಿರಿಯರು ಹೀಗೆ ಪ್ರಶ್ನೆ ಮಾಡಲಿಲ್ಲ ಎಂದು ನೀವು ಅನ್ನಬಹುದು. ಹಾಗೇನೂ ಇಲ್ಲ. ಪುರಾವೆ ಯಾರು ಕೊಡಬೇಕೆಂಬ ಪ್ರಶ್ನೆಯ ಮೇಲೆ ನಮ್ಮ ಶಾಸ್ತ್ರಕಾರರು ಶತಮಾನಗಟ್ಟಲೆ ಜಗಳವಾಡಿದ್ದಾರೆ. ಮೀಮಾಂಸಕರ ಪ್ರಕಾರ ನಮಗೆ ಉಂಟಾದ ತಿಳಿವು ತನ್ನಷ್ಟಕ್ಕೆ ತಾನೇ ಪ್ರಮಾಣ. ಅದು ತಪ್ಪೆಂದು ಇನ್ನೊಂದು ತಿಳಿವು ಬಂದು ತೋರಿಸುವವರೆಗೆ ಅದನ್ನು ಸಂಶಯಿಸುವ ಅಗತ್ಯವಿಲ್ಲ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ದೂರದಲ್ಲಿ ನೀರು ಕಂಡರೆ ಸಾಲದು, ಹೋಗಿ ಕುಡಿದು ಬಾಯಾರಿಕೆ ಇಂಗಿದ ಮೇಲೆಯೇ ಅದು ನೀರೆಂಬುದು ಖಾತರಿ ಎಂದರು. ಮನೆ ನಡೆಸುವ ನಮಗೆ ಎರಡೂ ಗೊತ್ತು. ದಿನಾ ಬರುವ ಹಾಲನ್ನು ಒಡೆಯುವವರೆಗೂ ನಂಬುತ್ತೇವೆ. ಹೊಸ ಅಂಗಡಿಯ ಅಕ್ಕಿಯನ್ನು ಮಾತ್ರ ಒಂದು ಪಾವು ಬೇಯಿಸಿ ನೋಡಿಯೇ ಮೂಟೆ ತರಿಸುತ್ತೇವೆ.

ಇನ್ನೂ ಸ್ವಾರಸ್ಯದ ಸಂಗತಿಯಿದೆ. ವೇದವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿದ ಮೀಮಾಂಸಕರೇ ಜಗತ್ತನ್ನು ಒಬ್ಬ ಈಶ್ವರ ಸೃಷ್ಟಿಸಿದ ಎಂಬ ಮಾತಿಗೆ ಪುರಾವೆ ಕೇಳಿದವರು. ಏಳನೆಯ ಶತಮಾನದ ಕುಮಾರಿಲಭಟ್ಟ ಆ ವಾದವನ್ನು ಒಪ್ಪಲಿಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಉದಯನಾಚಾರ್ಯ 'ನ್ಯಾಯಕುಸುಮಾಂಜಲಿ' ಎಂಬ ಗ್ರಂಥವನ್ನೇ ಬರೆದು ಈಶ್ವರನಿದ್ದಾನೆಂದು ಸಾಧಿಸಲು ಹೊರಟ. ಇಲ್ಲವೆಂದು ನೀವೇ ತೋರಿಸಿ ಎಂದು ಆತ ಕೈತೊಳೆದುಕೊಳ್ಳಲಿಲ್ಲ. ಭಕ್ತನಾಗಿದ್ದರೂ ಹೊಣೆಯನ್ನು ತಾನೇ ಹೊತ್ತ. ನಮ್ಮ ಮನೆಗಳಲ್ಲಿ ಹುಡುಗಿಯೊಬ್ಬಳು "ಯಾಕೆ?" ಎಂದು ಕೇಳಿದರೆ "ವಿತಂಡವಾದ ಮಾಡಬೇಡ" ಎಂದು ಬಾಯಿ ಮುಚ್ಚಿಸುತ್ತೇವಲ್ಲ, ಆ ಶಬ್ದವೂ ನ್ಯಾಯಶಾಸ್ತ್ರದ್ದೇ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಿನವರದನ್ನು ಕೆಡವುವುದಷ್ಟೇ ವಿತಂಡ. ಪುರಾವೆ ಕೇಳುವುದು ಹಾಗಲ್ಲ.

ಕೆಲವು ನಂಬಿಕೆಗಳನ್ನು ಪರೀಕ್ಷಿಸಿ ನೋಡುವುದು ಸುಲಭ. 1995ರ ಸೆಪ್ಟೆಂಬರ್ 21, ಗುರುವಾರ, ಗಣಪತಿ ಹಾಲು ಕುಡಿಯುತ್ತಾನೆ ಎಂಬ ಸುದ್ದಿ ದಿಲ್ಲಿಯಿಂದ ಹೊರಟು ಮಧ್ಯಾಹ್ನದೊಳಗೆ ದೇಶವನ್ನೆಲ್ಲ ಸುತ್ತಿತು. ನಮ್ಮೂರಿನಲ್ಲೂ ದೇವಸ್ಥಾನದ ಮುಂದೆ ಲೋಟ, ಚಮಚ ಹಿಡಿದ ಹೆಂಗಸರ ಸಾಲು. ಶಾಲೆ ಬಿಟ್ಟ ಮೇಲೆ ಮಗನ ಕೈ ಹಿಡಿದುಕೊಂಡು ನಾನೂ ಹೋಗಿ ನೋಡಿದೆ. ವಿಜ್ಞಾನಿಗಳು ಬಣ್ಣ ಹಾಕಿದ ಹಾಲಿನಿಂದ ಪರೀಕ್ಷೆ ಮಾಡಿ, ತುಂಬಿದ ಚಮಚದ ಹಾಲು ಒದ್ದೆಯಾದ ಕಲ್ಲಿಗೆ ತಾಗಿದ ಕೂಡಲೇ ತೆಳುವಾದ ಪದರವಾಗಿ ಕೆಳಗಿಳಿಯುತ್ತದೆಂದು ತೋರಿಸಿದರು. ಅದು ದ್ರವದ ಮೇಲ್ಮೈ ಸೆಳೆತ. ಪಾತ್ರೆಯಿಂದ ಲೋಟಕ್ಕೆ ಬಗ್ಗಿಸುವಾಗ ಹಾಲು ಪಾತ್ರೆಯ ಹೊರಮೈಗೇ ಅಂಟಿಕೊಂಡು ಇಳಿಯುವುದನ್ನು ದಿನಾ ನೋಡುವ ನಮಗೆ ಅದು ತೀರ ಹೊಸದೂ ಅಲ್ಲ. ವಿವರಣೆ ಕೇಳಿ ಕೆಲವರು ನಕ್ಕು ಸುಮ್ಮನಾದರು, ಕೆಲವರು ಒಪ್ಪಲಿಲ್ಲ. ಒಪ್ಪದವರ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ. ಅವರಿಗೆ ಖರ್ಚಾದದ್ದು ಒಂದು ಚಮಚ ಹಾಲು. ಅದೂ ಅವರದೇ.

ಸಿಟ್ಟು ಯಾಕೆ ಬರಲಿಲ್ಲ ಎಂಬುದು ನನಗೆ ಸ್ಪಷ್ಟವಾದದ್ದು ಎಷ್ಟೋ ವರ್ಷಗಳ ನಂತರ, ನಮ್ಮ ಅತ್ತೆಯವರ ಬಾಯಿಂದ. ಮಗ ಇಂಜಿನಿಯರಿಂಗ್ ಓದುತ್ತಿದ್ದ ಕಾಲ. ರಜೆಗೆ ಬಂದವನು ಸಂಜೆ ದೀಪ ಹಚ್ಚುತ್ತಿದ್ದ ಅಜ್ಜಿಯನ್ನು, "ಅಜ್ಜೀ, ದೇವರಿದಾನೆ ಅಂತ ಪ್ರೂಫ್ ಕೊಡಿ, ಆಮೇಲೆ ಹಚ್ಚಿ" ಎಂದು ಕೆಣಕಿದ. ಅತ್ತೆಯವರು ಬತ್ತಿಯಿಂದ ಕಣ್ಣು ತೆಗೆಯದೆ ಹೇಳಿದರು: "ನಾನು ನಿನಗೆ ಹಚ್ಚು ಅಂದ್ನೇನೋ? ನನ್ನ ಎಣ್ಣೆ, ನನ್ನ ಬತ್ತಿ. ನಿನ್ನ ಹತ್ರ ಏನಾದರೂ ಕೇಳಿದ ದಿವಸ ಬಾ, ಲೆಕ್ಕ ಕೊಡ್ತೀನಿ."

ಓದಿದ ಮಗನಿಗೆ ಉತ್ತರ ಹೊಳೆಯಲಿಲ್ಲ. ನನಗೆ ಮಾತ್ರ ಬೇಕಾದ ನಿಯಮ ಸಿಕ್ಕಿತು. ಇದೆ ಎನ್ನುವವರು, ಇಲ್ಲ ಎನ್ನುವವರು ಎಂದು ಪಂಗಡ ಮಾಡಿದರೆ ಸಾಲದು. ಯಾರು ಯಾರಿಂದ ಏನನ್ನು ಕೇಳುತ್ತಿದ್ದಾರೆ ಎಂದು ನೋಡಬೇಕು. ತನ್ನ ನಂಬಿಕೆಯ ಖರ್ಚನ್ನು ತಾನೇ ಭರಿಸುವವರು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಅದರ ಖರ್ಚನ್ನು ಇನ್ನೊಬ್ಬರ ತಲೆಗೆ ಕಟ್ಟುವ ಗಳಿಗೆಯಿಂದ ತೋರಿಸುವ ಹೊಣೆ ಕಟ್ಟಿದವರದಾಗುತ್ತದೆ.

ಇದೇ ನಿಯಮವನ್ನು ಅತ್ತೆಯವರಿಗೆ ಹಿಡಿದು ನೋಡಿದರೆ ದೀಪದಲ್ಲಿ ಅವರು ಗೆದ್ದರು, ಇನ್ನೊಂದರಲ್ಲಿ ಸೋಲುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತಿಂಗಳಿಗೆ ಮೂರು ದಿನ ನನಗೆ ಹಿತ್ತಿಲ ಕಡೆಯ ಕೋಣೆ. ಶಾಲೆಗೆ ಹೋಗಿ ಹತ್ತನೆಯ ತರಗತಿಗೆ ಪೈಥಾಗೊರಸ್ ಪ್ರಮೇಯ ಸಾಧಿಸಿ ತೋರಿಸಿ ಬಂದವಳು, ಸಂಜೆ ಹಿಂಬಾಗಿಲಿನಿಂದ ಬಂದು ಆ ಕೋಣೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆ. ಮುಟ್ಟಿದರೆ ತುಳಸಿ ಒಣಗುತ್ತದೆ, ಉಪ್ಪಿನಕಾಯಿ ಕೆಡುತ್ತದೆ ಎಂಬ ಕಾರಣಗಳಿದ್ದವು. ಒಣಗುವುದಿಲ್ಲ ಎಂದು ನಾನು ತೋರಿಸಬೇಕಾದರೆ ಮೊದಲು ಮುಟ್ಟಬೇಕು, ಮುಟ್ಟಲು ಬಿಡುವವರಿಲ್ಲ. ಒಂದು ಮಳೆಗಾಲ ಅತ್ತೆಯವರು ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮುರಿಯಿತು. ಆರು ವಾರ ಪಟ್ಟಿ. ಬೇಯಿಸಿ ಹಾಕಲು ಮನೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಆ ತಿಂಗಳು ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತುಳಸಿ ಚಿಗುರಿಕೊಂಡೇ ಇತ್ತು. ಕೈ ವಾಸಿಯಾದ ಮೇಲೂ ನನ್ನನ್ನು ಹಿತ್ತಿಲಿಗೆ ಕಳಿಸುವ ಮಾತು ಬರಲಿಲ್ಲ. ಇಷ್ಟು ವರ್ಷ ಅಲ್ಲಾಡದಿದ್ದ ನಿಯಮ ಯಾವ ಪುರಾವೆಯೂ ಇಲ್ಲದೆ ಬಿದ್ದುಹೋಯಿತು. ಖರ್ಚು ಆ ಕಡೆಗೆ ತಿರುಗಿದಾಗ ಪುರಾವೆ ಯಾರಿಗೂ ಬೇಕಾಗಲಿಲ್ಲ.

ನನ್ನ ಸೋದರತ್ತೆಗೆ ಹೀಗೆ ಬಿಡುಗಡೆ ಸಿಗಲಿಲ್ಲ. ಅವಳದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗುವುದಿಲ್ಲ, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಆಗುವುದಿಲ್ಲ ಎಂಬ ಮಾತನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ಅತ್ತೆ ಚೆನ್ನಾಗಿ ಹಾಡುತ್ತಿದ್ದಳು, ಲಕ್ಷಣವಾಗಿದ್ದಳು. ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು, ಹಾಡು ಕೇಳಿ, ಜಾತಕದ ಮಾತು ಬಂದ ಕೂಡಲೇ ಎದ್ದು ಹೋಗುತ್ತಿದ್ದರು. ಒಬ್ಬರಂತೂ ಜಗುಲಿಯಲ್ಲೇ ನನ್ನ ಅಜ್ಜನನ್ನು ಕೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ: "ಏನೂ ಆಗೋದಿಲ್ಲ ಅಂತ ಬರೆದುಕೊಡ್ತೀರಾ ಸ್ವಾಮಿ?" ಅಜ್ಜ ಏನೆಂದು ಬರೆದುಕೊಟ್ಟಾನು? ಯಾವ ಮನೆಯ ಮಾವನಾದರೂ ಒಂದು ದಿನ ಸಾಯಲೇಬೇಕಲ್ಲ. ಕೊನೆಗೆ 32ನೆಯ ವಯಸ್ಸಿನಲ್ಲಿ ಅವಳಿಗೆ ಮಾವನಿಲ್ಲದ ಮನೆ ಹುಡುಕಿ, ಎರಡನೆಯ ಸಂಬಂಧಕ್ಕೆ ಕೊಟ್ಟರು. ಮೂಲಾ ಹುಡುಗಿಯರಿಗೆ ಆಗ ಇದ್ದ ದಾರಿಯೇ ಅದು. ಮುದುಕಿಯಾದ ಮೇಲೆ ಅತ್ತೆ ಒಮ್ಮೆ ನಗುತ್ತಾ ಹೇಳಿದಳು: "ನನ್ನಿಂದ ಯಾರೂ ಸಾಯಲಿಲ್ಲ ನೋಡೇ, ಸಾಯಬೇಕಾದೋರು ಮೊದಲೇ ಸತ್ತಿದ್ದರು." ಅವಳು ನಕ್ಕಳು, ನನಗೆ ನಗಲಾಗಲಿಲ್ಲ.

ಆ ನಂಬಿಕೆಯನ್ನು ಎಷ್ಟು ಭದ್ರವಾಗಿ ಕಟ್ಟಿದ್ದಾರೆ ನೋಡಿ. ಮಾವ ಸಾಯುತ್ತಾನೆ ಎನ್ನುತ್ತದೆ, ಎಷ್ಟು ವರ್ಷದೊಳಗೆ ಎಂದು ಹೇಳುವುದಿಲ್ಲ. ಸತ್ತರೆ ಮಾತು ನಿಜವಾಯಿತು. ಬದುಕಿದ್ದರೆ ಶಾಂತಿ ಮಾಡಿಸಿದ್ದಕ್ಕೆ ಬದುಕಿದ, ಇಲ್ಲವೇ ಅದು ಮೂಲಾ ನಕ್ಷತ್ರದ ನಾಲ್ಕನೆಯ ಪಾದವಿರಬೇಕು. ಹೇಗೂ ಸೋಲದಂತೆ ಕಟ್ಟಿದ ಮಾತನ್ನು ಸುಳ್ಳೆಂದು ತೋರಿಸು ಎಂದು ಒಬ್ಬ ಹುಡುಗಿಗೆ ಹೇಳುವುದು ತಳವಿಲ್ಲದ ಕೊಡ ಕೊಟ್ಟು ನೀರು ತಾ ಎಂದ ಹಾಗೆ.

ಗಣಿತದವಳಾದ್ದರಿಂದ ಒಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಚಂದ್ರ ಸುಮಾರು 27 ದಿನಗಳಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. ಅಂದರೆ ಹುಟ್ಟುವ 27 ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬಳು ಮೂಲಾ. ಆಶ್ಲೇಷಾ, ಜ್ಯೇಷ್ಠಾ, ವಿಶಾಖಾ ಸೇರಿಸಿದರೆ ನಾಲ್ವರು, ನೂರಕ್ಕೆ ಸುಮಾರು 15. ಇನ್ನು ಕುಜದೋಷ. ನಮ್ಮ ಕಡೆ ಲಗ್ನದಿಂದ 2, 4, 7, 8, 12 ಈ ಮನೆಗಳಲ್ಲಿ ಕುಜನಿದ್ದರೆ ದೋಷ ಎನ್ನುತ್ತಾರೆ. ಇರುವ 12 ಮನೆಗಳಲ್ಲಿ 5ರಲ್ಲಿ ದೋಷವೆಂದರೆ ನೂರಕ್ಕೆ ಸುಮಾರು 42 ಮಂದಿ ದೋಷವುಳ್ಳವರೇ. ಇಷ್ಟು ದೊಡ್ಡ ಗುಂಪಿಗೆ ಇಷ್ಟು ದೊಡ್ಡ ಕೇಡು ಕಾದಿದ್ದರೆ ಅದು ಎಣಿಸಿದವರಿಗೆ ಕಾಣದೆ ಇರುತ್ತದೆಯೇ? ಮೂಲಾ ಸೊಸೆಯರ ಮಾವಂದಿರನ್ನೂ ಉಳಿದ ಸೊಸೆಯರ ಮಾವಂದಿರನ್ನೂ ಪಟ್ಟಿ ಮಾಡಿ, ಯಾರು ಎಷ್ಟು ವರ್ಷ ಬದುಕಿದರೆಂದು ಬರೆದರೆ ಆಯಿತು. ಈ ಪಟ್ಟಿ ತಯಾರು ಮಾಡಬೇಕಾದವರು ಜಾತಕ ನೋಡಿ ಬೇಡವೆನ್ನುವವರು. ನನ್ನ ಸೋದರತ್ತೆಯಲ್ಲ.

ಜಾತಕವನ್ನು ಹೀಗೆ ಪರೀಕ್ಷೆಗೆ ಒಡ್ಡಿದ ಉದಾಹರಣೆಯೂ ನಮ್ಮ ದೇಶದಲ್ಲೇ ಇದೆ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು 2008ರಲ್ಲಿ ಪುಣೆಯಲ್ಲಿ 200 ಮಕ್ಕಳ ಜಾತಕ ಸಂಗ್ರಹಿಸಿದರು. 100 ಮಕ್ಕಳು ಓದಿನಲ್ಲಿ ತುಂಬಾ ಚುರುಕು, ಉಳಿದ 100 ಬುದ್ಧಿಮಾಂದ್ಯರು. ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು ಯಾವುದು ಯಾವ ಮಗುವಿನದು ಎಂದು ವಿಂಗಡಿಸಲು ಹೇಳಿದರು. ಉತ್ತರ ಕಳಿಸಿದವರು 27 ಜನ. ಅವರು ಸರಿಯಾಗಿ ಹೇಳಿದ್ದು ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿ ಹೇಳಿದ್ದರೆ ನೂರಕ್ಕೆ 50 ಬರುತ್ತಿತ್ತು.

ಇಲ್ಲಿಗೆ ಒಂದು ಮೆತ್ತನೆಯ ಮಾತು ಬರುತ್ತದೆ. "ನಿಜವೋ ಸುಳ್ಳೋ, ಯಾರು ಕಂಡೋರು? ಮಾಡಿದರೆ ನಷ್ಟವೇನು?" ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಾಸ್ಕಲ್ ಇದನ್ನೇ ಪಂದ್ಯದ ಲೆಕ್ಕವಾಗಿ ಬರೆದ. ದೇವರನ್ನು ನಂಬಿ, ಆತ ಇಲ್ಲದಿದ್ದರೆ ಕಳೆದುಕೊಳ್ಳುವುದು ಅಲ್ಪ. ನಂಬದೆ, ಆತ ಇದ್ದರೆ ಕಳೆದುಕೊಳ್ಳುವುದು ಅಪಾರ. ಆದ್ದರಿಂದ ನಂಬುವುದೇ ಜಾಣತನ ಎಂದು. ಒಬ್ಬನು ತನ್ನ ಬಾಳನ್ನೇ ಪಣಕ್ಕಿಟ್ಟು ಆಡುವುದಾದರೆ ಆಡಲಿ. ಆದರೆ ನಾವು 'ನಷ್ಟವೇನು' ಎನ್ನುವಾಗ ಯಾರ ನಷ್ಟ ಎಂದು ಕೇಳಿಕೊಳ್ಳುತ್ತೇವೆಯೇ? ಗಂಡಿನ ಕಡೆಯವರಿಗೆ ಒಂದು ಜಾತಕ ಬಿಟ್ಟರೆ ಇನ್ನೊಂದು. ಅವರಿಗೆ ನಷ್ಟವಿಲ್ಲ, ನಿಜ. ನನ್ನ ಸೋದರತ್ತೆ ಕಳೆದುಕೊಂಡದ್ದು ಹದಿಮೂರು ಹದಿನಾಲ್ಕು ವರ್ಷ.

ಇನ್ನೊಬ್ಬ ಗಣಿತಜ್ಞ, ಇಂಗ್ಲೆಂಡಿನ ಕ್ಲಿಫರ್ಡ್, 1877ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಹಡಗಿನ ಕಥೆಯಿದೆ. ಹಡಗು ಹಳತು, ದುರಸ್ತಿಯಾಗಬೇಕು ಎಂಬ ಅನುಮಾನ ಅದರ ಯಜಮಾನನಿಗೆ ಇತ್ತು. ದುರಸ್ತಿಗೆ ದುಡ್ಡು ಬೇಕಲ್ಲ. ಎಷ್ಟೋ ಬಿರುಗಾಳಿ ದಾಟಿದೆ, ದೈವ ಕಾಯುತ್ತದೆ ಎಂದು ಮನಸ್ಸನ್ನು ಒಪ್ಪಿಸಿಕೊಂಡು ಸಂಸಾರವಂದಿಗರನ್ನು ತುಂಬಿ ಕಳಿಸಿದ. ಹಡಗು ಮುಳುಗಿತು, ಅವನು ವಿಮೆಯ ಹಣ ಎಣಿಸಿಕೊಂಡ. ಅವನ ನಂಬಿಕೆ ಪ್ರಾಮಾಣಿಕವೇ ಆಗಿದ್ದರೂ, ಹಡಗು ಮುಳುಗದೆ ದಡ ಸೇರಿದ್ದರೂ ಅವನು ತಪ್ಪಿತಸ್ಥನೇ ಎನ್ನುತ್ತಾನೆ ಕ್ಲಿಫರ್ಡ್. ಪುರಾವೆಯಿಲ್ಲದೆ ಯಾರೂ, ಎಲ್ಲಿಯೂ, ಏನನ್ನೂ ನಂಬಬಾರದು ಎಂಬುದು ಅವನ ತೀರ್ಮಾನ. ಅಷ್ಟು ದೂರ ನಾನು ಹೋಗಲಾರೆ. ನಮ್ಮ ಅತ್ತೆಯವರ ದೀಪ ಯಾರನ್ನೂ ಮುಳುಗಿಸುವುದಿಲ್ಲ. ಆದರೆ ಹಡಗಿನಲ್ಲಿ ಬೇರೆಯವರು ಕುಳಿತಿದ್ದಾರೆ ಎಂಬ ಮಾತನ್ನು ಮರೆಯಲಾರೆ.

ಈ ನಿಯಮ ನಾಸ್ತಿಕರಿಗೂ ಅನ್ವಯಿಸುತ್ತದೆ. ಎಪ್ಪತ್ತು ದಾಟಿದ ವಿಧವೆಯ ಕೈಯಿಂದ ಜಪಮಣಿ ಕಸಿದು, ಅದರಿಂದ ನಿನಗೇನೂ ಸಿಗುವುದಿಲ್ಲ ಎಂದು ಉಪದೇಶಿಸುವವರು, ಕಸಿದದ್ದರ ಜಾಗದಲ್ಲಿ ತಾವು ಕೊಡುವುದೇನೆಂದು ತೋರಿಸಬೇಕು. ಕೇಳುವ ಕ್ರಮವೊಂದಿದೆ. ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಪರೀಕ್ಷಿಸಲು ಸಾಧ್ಯವಾದ ಮೂಢನಂಬಿಕೆಗಳು ಎಂದು ಅದರ ಹೆಸರಿನಲ್ಲೇ ಎಲ್ಲೆ ಹಾಕಿಕೊಂಡಿದ್ದರು. ಅವರು ಪ್ರಶ್ನೆ ಕೇಳಿದ್ದು ಗುಡಿಯಲ್ಲಿ ಕೈಮುಗಿದು ನಿಂತ ಬಡವರನ್ನಲ್ಲ. ಪವಾಡಗಳಿಗೆ ಹೆಸರಾಗಿದ್ದ ಸತ್ಯಸಾಯಿಬಾಬಾ ಅವರಿಗೇ ಪತ್ರ ಬರೆದು, ಪರೀಕ್ಷೆಗೆ ಒಪ್ಪಿಕೊಳ್ಳುವಂತೆ ಕೋರಿದರು. ಒಪ್ಪಿಗೆ ಬರಲಿಲ್ಲ. ಉತ್ತರ ಬಂತೋ ಬಿಟ್ಟಿತೋ, ಹೊಣೆ ಎಲ್ಲಿರಬೇಕೋ ಅಲ್ಲಿಗೇ ಅವರು ಅದನ್ನು ತಲುಪಿಸಿದ್ದರು.

ಸರ್ಕಾರವೂ ತನ್ನ ಪಾಲಿನದನ್ನು ಮಾಡಿದೆ. ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಕರ್ನಾಟಕದಲ್ಲಿ ಕಾಯಿದೆ ಆಯಿತು, 2020ರಲ್ಲಿ ಜಾರಿಗೆ ಬಂತು. ಜ್ಯೋತಿಷಿಗಳ ಸಲಹೆಯನ್ನು ಅದು ಮುಟ್ಟಿಲ್ಲ. ಮುಟ್ಟಬೇಕಾಗಿತ್ತೆಂದು ನಾನು ಹೇಳುತ್ತಿಲ್ಲ. ಜಾತಕ ನೋಡುವುದು, ನೋಡದೆ ಇರುವುದು, ನೋಡಿ ಬಿಡುವುದು, ಇದು ಪೋಲೀಸರು ಬಂದು ತೀರ್ಮಾನಿಸುವ ಸಂಗತಿಯಲ್ಲ. ಅದು ನಮ್ಮ ನಡುಮನೆಯಲ್ಲೇ ಆಗಬೇಕು. ಒಂದು ಕಾಲದಲ್ಲಿ ಹೊಣೆ ಹೊತ್ತು ಬಾಗಿದ್ದ ನಾವೇ ಈಗ ಗಂಡುಮಕ್ಕಳ ತಾಯಂದಿರಾಗಿ, ಜಾತಕ ತರಿಸಿಕೊಳ್ಳುವವರ ಜಾಗದಲ್ಲಿ ಕೂತಿದ್ದೇವೆ.

2014ರಲ್ಲಿ ನನ್ನ ಮಗನಿಗೆ ಒಂದು ಹುಡುಗಿಯ ಪ್ರಸ್ತಾಪ ಬಂತು. ಅವನೂ ಒಪ್ಪಿದ್ದ, ಅವಳೂ ಒಪ್ಪಿದ್ದಳು. ಜಾತಕ ತಂದಿದ್ದ ದೂರದ ಸಂಬಂಧಿ ಗಂಟಲು ಸರಿಮಾಡಿಕೊಂಡು, "ಒಂದೇ ಒಂದು ತೊಡಕು, ಮೂಲಾ" ಎಂದರು. ಮಾವನಾಗಬೇಕಾದವರು ನಮ್ಮೆಜಮಾನರು, ಪಕ್ಕದಲ್ಲೇ ಕುಳಿತಿದ್ದರು. ನಾನು ಅವರ ಮುಖ ನೋಡಿದೆ. ಅವರು ಜಾತಕದ ಹಾಳೆಯನ್ನು ತಿರುವಿ ಹಿಂಬದಿಯಲ್ಲಿ ಬರೆದು ಸಹಿ ಹಾಕಿದರು. ತನಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ತನ್ನ ತಂದೆ ಹೃದಯಾಘಾತದಿಂದ ಹೋದವರು, ತಾನು ಯಾವಾಗ ಸತ್ತರೂ ಅದಕ್ಕೆ ಈ ಹುಡುಗಿ ಕಾರಣಳಲ್ಲ, ಕಾರಣಳು ಎನ್ನುವವರು ತೋರಿಸಬೇಕು ಎಂದು. ನನ್ನ ಅಜ್ಜನಿಗೆ ಬರೆದುಕೊಡಲು ಆಗದೆ ಇದ್ದದ್ದನ್ನು ಈ ಕಡೆಯಿಂದ ಬರೆದುಕೊಡುವುದು ಎಷ್ಟು ಸುಲಭವಾಗಿತ್ತು! ಎಲ್ಲರೂ ನಕ್ಕರು. ಮದುವೆ ಆಯಿತು.

2018ರಲ್ಲಿ ಅವರು ತೀರಿಕೊಂಡರು. ಹೃದಯಾಘಾತವೇ. ವೈಕುಂಠ ಸಮಾರಾಧನೆಯ ದಿನ ಬಾಳೆ ಎಲೆ ತೊಳೆಯುತ್ತಿದ್ದ ಕಡೆಯಿಂದ "ಮೂಲಾ ಅಲ್ವಾ, ನಾಲ್ಕೇ ವರ್ಷ" ಎಂಬ ಪಿಸುಮಾತು ನನಗೂ ಕೇಳಿಸಿತು, ಸೊಸೆಗೂ ಕೇಳಿಸಿತು. ಆ ರಾತ್ರಿ ಅವಳು ನನ್ನ ಮಂಚದ ಹತ್ತಿರ ಬಂದು ನೆಲದ ಮೇಲೆ ಕುಳಿತಳು. ಬಹಳ ಹೊತ್ತಿನ ಮೇಲೆ, "ಅತ್ತೇ, ನನ್ನಿಂದಾನಾ?" ಎಂದಳು. ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿರುವ ಹುಡುಗಿ. ಸಂಬಳ, ಓದು, ಜಾಣ್ಮೆ ಯಾವುದೂ ಆ ಗಳಿಗೆಯಲ್ಲಿ ಅವಳ ಸಹಾಯಕ್ಕೆ ಬಂದಿರಲಿಲ್ಲ. ನನ್ನ ಗಂಡನನ್ನು ಕಳೆದುಕೊಂಡ ದುಃಖದ ನಡುವೆಯೂ ನನಗೆ ನೆನಪಾದದ್ದು ಸೋದರತ್ತೆಯ ಮುಖ.

ಎದ್ದು ಬೀರು ತೆಗೆದು ಆ ಹಾಳೆಯನ್ನು ಅವಳ ಕೈಗೆ ಕೊಟ್ಟೆ. "ಇದು ನಿಮ್ಮ ಮಾವನ ಅಕ್ಷರ. ಯಾರಾದರೂ ಏನಾದರೂ ಅಂದರೆ ನೀನು ಉತ್ತರ ಹೇಳಬೇಡ, ನನ್ನ ಹತ್ರ ಕಳಿಸು" ಎಂದೆ. ಅವಳು ಓದಿ ಅತ್ತಳು. ಮರುದಿನ ಆ ಪಿಸುಮಾತಾಡಿದವರಿಗೆ ನಾನೇ ಕಾಫಿ ಕೊಟ್ಟು, ಹೇಗೆ ತಿಳಿಯಿತು, ಎಲ್ಲಿಂದ ತಿಳಿಯಿತು ಎಂದು ಮೆಲ್ಲಗೆ ಕೇಳಿದೆ. ಅವರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಹಾಳೆ ಈಗಲೂ ಸೊಸೆಯ ಬಳಿಯೇ ಇದೆ. ಮುಂದಿನ ವರ್ಷ ಅವಳಿಗೆ ಮಗಳು ಹುಟ್ಟಿದಳು. ನಕ್ಷತ್ರ ಯಾವುದೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಂಜೆ ಹೊತ್ತು ನಮ್ಮ ಅತ್ತೆಯವರ ಹಳೆಯ ದೀಪವನ್ನು ನಾನೇ ಹಚ್ಚುತ್ತೇನೆ. ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡುತ್ತಾಳೆ. ಕೈಮುಗಿ ಎಂದು ನಾನು ಅವಳಿಗೆ ಹೇಳುವುದಿಲ್ಲ.